ದಲ್ಮಾಕ್ಕೆ ಒಂದು ಬಂಡಿ

ಜಬಲ್ ಧನ್ನಾದ ಬಂದರಿನಲ್ಲಿ ಬೆಳಗಿನ ಆರಕ್ಕೇ
ಕಬ್ಬಿಣದ ನಾಲಿಗೆ ಚಾಚಿ ಕೂತಿತ್ತು ಫೆರ್ರಿ.
ಮೇವಿನ ಲಾರಿ, ಮಂಜುಗಡ್ಡೆಯ ಲಾರಿ,
ಮದುವೆಗೆ ಹೊರಟ ಮೂರು ಬಿಳಿ ಲ್ಯಾಂಡ್ ಕ್ರೂಸರು,
ಎಲ್ಲದರ ಹಿಂದೆ ನಾನು, ನನ್ನ ಹಳೇ ಯಮಹಾ.

ಚೀಟಿ ಹರಿಯುವವ ಹೆಲ್ಮೆಟ್ಟಿನೊಳಗೆ ಇಣುಕಿದ.
‘ಗಾಡಿ ಯಾರದು?’
‘ನನ್ನದೇ.’
‘ಓಡಿಸುವವರು?’
‘ನಾನೇ.’
ಅವನ ಪುಸ್ತಕದಲ್ಲಿ ಅದಕ್ಕೊಂದು ಕಾಲಮ್ಮು ಇರಲಿಲ್ಲ.
ಕಾರು ಎಂದು ಬರೆದುಕೊಂಡ,
ದುಡ್ಡು ಮಾತ್ರ ಅರ್ಧ ತೆಗೆದುಕೊಂಡ.

ಸಿಲ್ಹೆಟ್ಟಿನ ಮೊಫಿಜುಲ್ ಹಗ್ಗ ತಂದ.
ಮುಂದಿನ ಫೋರ್ಕಿಗೆ ಎರಡು ಸುತ್ತು, ಹಿಂದಿನ ಗಾಲಿಗೊಂದು,
ಸೀಟು ಹರಿಯದ ಹಾಗೆ ಹಳೇ ಗೋಣಿಯ ಮಡಿಕೆ.
ಹೊಸದಾಗಿ ಹಟ್ಟಿಗೆ ತಂದ ಎಮ್ಮೆಗರುವನ್ನು ಕಟ್ಟುವ ಹಾಗೆ,
ಬಿಗಿಯೂ ಅಲ್ಲ, ಸಡಿಲವೂ ಅಲ್ಲ.
‘ಮೇಲೆ ಹೆಂಗಸರ ಕೋಣೆ ಇದೆ ದೀದಿ, ಏಸಿ ಇದೆ’ ಎಂದ.
ಹೋದೆ. ಕೂತೆ. ಹತ್ತೇ ನಿಮಿಷ.
ಕೆಳಗೆ ಆ ಡೀಸೆಲ್ಲು ವಾಸನೆಯ ಕತ್ತಲಲ್ಲಿ
ಒಂದೇ ನಿಂತಿದೆಯಲ್ಲ ಎಂದು ಇಳಿದು ಬಂದು
ಟ್ಯಾಂಕಿನ ಮೇಲೆ ಕೈ ಇಟ್ಟೆ.
ಇಂಜಿನ್ನು ಆರಿತ್ತು, ಆದರೂ ನಡುಗುತ್ತಿತ್ತು:
ಹಡಗಿನ ನಡುಕ ಅದಕ್ಕೆ, ಅದರದು ನನಗೆ.

ಗದಗಿನ ನಮ್ಮಜ್ಜಿ ಸಮುದ್ರ ಕಂಡವಳಲ್ಲ,
ಬಾಯಲ್ಲಿ ಮಾತ್ರ ಸದಾ ಒಂದು ಹಡಗು:
‘ಇವತ್ತ ಬಂಡಿ ಮ್ಯಾಲ ಹಡಗ,
ನಾಳೆ ಹಡಗದ ಮ್ಯಾಲ ಬಂಡಿ. ಸುಮ್ಕಿರು.’
ಯಾರ ಸೊಕ್ಕಿಗೂ, ಯಾರ ಅಳುವಿಗೂ
ಅವಳದು ಅದೊಂದೇ ಔಷಧ.

ದಲ್ಮಾ ಅಂದರೆ ನಡುವೆ ಬೋಳು ಗುಡ್ಡ,
ಗುಡ್ಡದ ಸುತ್ತ ರಸ್ತೆ, ರಸ್ತೆಯ ಸುತ್ತ ನೀರು.
ಮೊದಲ ಸುತ್ತು ಹಸಿದವಳ ಊಟ,
ರುಚಿ ತಿಳಿಯುವ ಮೊದಲೇ ಮುಗಿದುಹೋಯಿತು.
ಪೆಟ್ರೋಲು ಬಂಕಿನ ಹುಡುಗ ಮತ್ತೆ ನನ್ನನ್ನೇ ಕಂಡು
ಪೈಪು ಹಿಡಿದು ಎದ್ದು ನಿಂತ.

ಎರಡನೆಯದು ಮೂರನೇ ಗೇರಿನಲ್ಲಿ.
ಮೂರನೆಯದು ತಿರುಗುಮುರುಗು, ಎಡಕ್ಕಿದ್ದ ಕಡಲು ಬಲಕ್ಕೆ.
ಆಗ ಕಂಡವು: ಬೇಲಿಯ ನೆರಳಲ್ಲಿ ನಿಂತ ಜಿಂಕೆಗಳು,
ಬಾಗಿಲಿಲ್ಲದ ಫ್ರಿಜ್ಜಿನಲ್ಲಿ ಮಲಗಿದ ಬೆಕ್ಕು,
ಮತ್ತು ಎದುರಿಗೆ, ಪಿಕಪ್ಪಿನ ಹಿಂದೆ, ನಾಲ್ಕು ಗಾಲಿಗಳ ಮೇಲೆ
ಉಯ್ಯಾಲೆಯಾಡುತ್ತ ಬರುತ್ತಿದ್ದ ಒಂದು ದೋಣಿ.
ರಸ್ತೆಬದಿಗೆ ಗಾಡಿ ನಿಲ್ಲಿಸಿ, ಹೆಲ್ಮೆಟ್ಟು ತೆಗೆದು,
ಒಬ್ಬಳೇ, ಹುಚ್ಚಿಯ ಹಾಗೆ ನಕ್ಕೆ.
ಅಜ್ಜೀ, ಇನ್ನರ್ಧ ಇಲ್ಲಿದೆ ನೋಡು.

ಪಿಕಪ್ಪಿನ ಮುದುಕ ಗಾಜು ಇಳಿಸಿದ. ಹೆಸರು ಅತೀಜ್.
ಅವನ ಹಿಂದಿ, ನನ್ನ ಅರಬ್ಬಿ, ಎರಡೂ ಕುಂಟು.
‘ಎಲ್ಲಿಗೆ?’ ಸುತ್ತು ಎಂದು ಬೆರಳಲ್ಲಿ ತೋರಿಸಿದೆ.
‘ಆಮೇಲೆ?’ ಮತ್ತೂ ಸುತ್ತು ತೋರಿಸಿದೆ.
ಒಪ್ಪಿದವನಂತೆ ತಲೆಯಾಡಿಸಿ ಫ್ಲಾಸ್ಕು ತೆರೆದ.
ಅವನಪ್ಪ ಮುತ್ತಿಗಾಗಿ ಮುಳುಗುತ್ತಿದ್ದನಂತೆ,
ಕಾಲಿಗೆ ಕಲ್ಲು, ಸೊಂಟಕ್ಕೆ ಹಗ್ಗ,
ಹಗ್ಗದ ಇನ್ನೊಂದು ತುದಿ ದೋಣಿಯವನ ಕೈಯಲ್ಲಿ.
‘ಎಳೆಯುವವನು ಲೆಕ್ಕ ತಪ್ಪಬಾರದು’ ಎಂದ.

ನಾನು ಎಳೆಯುವ ಕಡೆಯವಳು, ಅತೀಜ್.
ಹನ್ನೊಂದು ವರ್ಷದಿಂದ ರುವೈಸಿನ ಐಸಿಯುವಿನಲ್ಲಿ
ರಾತ್ರಿಯಿಡೀ ಅವರಿವರ ಉಸಿರು ಎಣಿಸುತ್ತೇನೆ.
ರೊಡೆಲ್ ಮನಿಲಾಕ್ಕೆ ವಾಪಸು ಹೊರಟಾಗ
ಈ ಗಾಡಿ ನನಗೆ ಮಾರಿದ್ದೂ ಆ ವಾರ್ಡಿನ ಬಾಗಿಲಲ್ಲೇ.
ಹಗ್ಗ ಎರಡು ಸಲ ಬರಿದಾಗಿ ಬಂದಿತ್ತು ಆ ವಾರ.
ಇದನ್ನೆಲ್ಲ ಹೇಳುವಷ್ಟು ಅರಬ್ಬಿ ಬರಲಿಲ್ಲ.
ಕಾಫಿ ಕುಡಿದೆ. ಲೋಟ ಅಲುಗಿಸಿ ಸಾಕೆಂದೆ.

ನಾಲ್ಕನೆಯ ಸುತ್ತಿನಲ್ಲಿ ಏನನ್ನೂ ಎಣಿಸಲಿಲ್ಲ.

ಸಂಜೆ ಮೊಫಿಜುಲ್ ಅದೇ ಗೋಣಿ ಹುಡುಕಿ ತಂದ.
ಕಿಲೋಮೀಟರು ಓದಿ ‘ಇಷ್ಟೇ ದ್ವೀಪಕ್ಕೆ ಇಷ್ಟೊಂದೇ?’ ಎಂದ.

ಈಗ ಬುಧವಾರ. ಡ್ಯೂಟಿಗೆ ಹೊರಟರೆ
ಚೈನಿನಲ್ಲಿ ದಲ್ಮಾದ ಮರಳು ಕರಕರ ಅನ್ನುತ್ತದೆ.
ಎಣ್ಣೆಯ ಡಬ್ಬಿ ಅಲ್ಲೇ ಕಿಟಕಿಯಲ್ಲಿದೆ.
ಹಾಕಿಲ್ಲ ಇನ್ನೂ.